ಹೆಂಗೂ ಹೊಂಟೀದಿ

ಸೈಕಲ್ ಮೇಲೆ ದೇಶ ಸುತ್ತುವವರಿಗೆ ಭಾರದ ಚಿಂತೆ ವಿಪರೀತ. ಚಿಂಚೋಳಿಯ ಲುಂಬಿನಿಗೂ ಆ ಹುಚ್ಚು ಹಿಡಿದಿತ್ತು. ಮೊಬೈಲಿನಲ್ಲಿ ಯಾರೋ ಪರದೇಶದ ಹೆಂಗಸು ತೋರಿಸಿಕೊಟ್ಟಳೆಂದು ತನ್ನ ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆಯನ್ನು ಅರ್ಧಕ್ಕೆ ಕೊಯ್ದಿದ್ದಳು. ಬಾಚಣಿಗೆಯನ್ನೂ ಅರ್ಧ ಮಾಡಿದ್ದಳು. ಹೀಗೆ ಉಳಿಸಿದ್ದು ಒಟ್ಟು ಮೂವತ್ತು ಗ್ರಾಂ ಎಂದು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಬಂದು ಮನೆಯಲ್ಲಿ ಹೇಳಿದಾಗ ಆಕೆಯ ಅವ್ವ ಹಣಮವ್ವ, "ಇನ್ನರ್ಧ ಒಗೀಬ್ಯಾಡ, ನಿಮ್ಮಪ್ಪಗ ಆಗ್ತದ. ಅವರಿಗರ ಹಲ್ಲು ಎಷ್ಟವ!" ಎಂದಿದ್ದಳು.

ಲುಂಬಿನಿಗೆ ಇಪ್ಪತ್ತಾರು. ಹೈಸ್ಕೂಲಿನಲ್ಲಿ ಆಟದ ಟೀಚರ್, ಅದೂ ಅತಿಥಿ ಶಿಕ್ಷಕಿ. ಬೇಸಿಗೆ ರಜೆಯಲ್ಲಿ ಆಕೆ ಎಲ್ಲಿದ್ದಾಳೆಂದು ಸರ್ಕಾರ ಕೇಳುವುದಿಲ್ಲ. ಆ ಎರಡು ತಿಂಗಳಲ್ಲಿ ಚಿಂಚೋಳಿಯಿಂದ ನೇಪಾಳದ ಲುಂಬಿನಿಯವರೆಗೆ, ಬುದ್ಧ ಹುಟ್ಟಿದ ಊರಿನವರೆಗೆ, ಸೈಕಲ್ ತುಳಿದು ಹೋಗಬೇಕು, ಬುದ್ಧಪೂರ್ಣಿಮೆಗೆ ಅಲ್ಲಿರಬೇಕು ಎಂಬುದು ಆಕೆಯ ಆಸೆ. "ಹೆಸರಿಟ್ಟೋರು ನೀವೇ. ಆ ಊರು ಒಮ್ಮಿ ನೋಡಬ್ಯಾಡೇನು?" ಎಂದು ಮನೆಯಲ್ಲಿ ಕೇಳಿದಳು. ತಾಲೂಕು ಕಚೇರಿಯಲ್ಲಿ ಜವಾನನಾಗಿ ನಿವೃತ್ತನಾದ ಅಪ್ಪ ದೇವಿಂದ್ರಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. ಆ ಮನೆಯಲ್ಲಿ ಪೇಪರು ಮೇಲೇರಿತೆಂದರೆ ಅವ್ವನನ್ನು ಕೇಳು ಎಂದು ಅರ್ಥ.

ಹಣಮವ್ವ ಬೇಡ ಅನ್ನಲಿಲ್ಲ. ಬೇಡ ಅಂದರೆ ಮಗಳು ಹೋಗಿಯೇ ತೀರುತ್ತಾಳೆಂದು ಆಕೆಗೆ ಗೊತ್ತು.

"ಆ ದಾರ್‍ಯಾಗ ನಮ್ಮೋರು ಯಾರವರ? ಹಸದ್ರ ಯಾರು ಕೊಡ್ತಾರ? ಇರ್ಲಿ. ಮೊದಲ ಒಂದ್ ದಿನದಾಗ ಶಹಾಬಾದಕ್ಕ ಹೋಗಿ ಹೊಳ್ಳಿ ಬಾ, ಒಬ್ಬಾಕಿನೇ. ಸೇಡಂದಾಗ ಭೀಮಶಾ ಮಾಮ, ಚಿತ್ತಾಪುರದಾಗ ಭಾಗ್ಯತ್ತಿ, ವಾಡಿಯಾಗ ರಸೂಲ್ ಚಾಚಾ, ಶಹಾಬಾದದಾಗ ನಮ್ಮಕ್ಕ. ನಾಕೂ ಮನಿಯಿಂದ ನನಗ ಫೋನ್ ಮಾಡಿಸಬೇಕು. ಸಂಜಿಗೆ ನಾ ಬುದ್ಧನ ಮುಂದ ದೀಪ ಹಚ್ಚೋದರೊಳಗ ಮನ್ಯಾಗಿರಬೇಕು. ಇದ್ದಿ ಅಂದ್ರ ನೇಪಾಳಕ್ಕ ಹೋಗು. ಇಲ್ಲಂದ್ರ ಸೈಕಲ್ ಮಾತು ತೆಗೀಬ್ಯಾಡ."

ಲುಂಬಿನಿಗೆ ನಗು ತಡೆಯಲಾಗಲಿಲ್ಲ. ಹೋಗಿ ಬಂದರೆ ಇನ್ನೂರು ಕಿಲೋಮೀಟರಿನ ಆಸುಪಾಸು. ಅಷ್ಟು ಆಕೆ ಎಷ್ಟೋ ಸಲ ತುಳಿದಿದ್ದಳು. ಹಣಮವ್ವನ ದೀಪ ಸಂಜೆ ಆರೂವರೆಗೆ. ಡೆಂಗಿ ಬಂದು ಮಲಗಿದ್ದಾಗಲೂ ಐದು ನಿಮಿಷ ತಪ್ಪಿರಲಿಲ್ಲ. ಆದರೇನು, ಹದಿಮೂರು ತಾಸು ಸಿಗುತ್ತದಲ್ಲ! ಏರುದಾರಿ, ಎದುರುಗಾಳಿ, ಸಿಮೆಂಟ್ ಲಾರಿ, ಎಲ್ಲದಕ್ಕೂ ಆಕೆ ಲೆಕ್ಕ ಹಾಕಿದ್ದಳು. ನೆಂಟರಿಗೆ ಲೆಕ್ಕ ಹಾಕಿರಲಿಲ್ಲ. ಅದೇ ಆಕೆ ಮಾಡಿದ ತಪ್ಪು.

ಫೆಬ್ರವರಿಯ ಒಂದು ಭಾನುವಾರ ನಸುಕಿನ ಐದಕ್ಕೆ ಹೊರಟು ಏಳಕ್ಕೆ ಸೇಡಂ ಮುಟ್ಟಿದಳು. ಸೋದರಮಾವ ಭೀಮಶಾ ಬಾಗಿಲಲ್ಲೇ ನಿಂತಿದ್ದ. ಹೆಲ್ಮೆಟ್ ತೆಗೆಯುವುದರೊಳಗೆ ಮಂಡಕ್ಕಿಯ ಸುಸಲಾ ಬಂತು, ಮಿರ್ಚಿ ಭಜಿ ಬಂತು, ಛಾ ಬಂತು. ಒಂದು ಪ್ಲೇಟು ಮುಗಿಸಿದರೆ ಇನ್ನೊಂದು. ಮಾಮ ಫೋನಿನಲ್ಲಿ, "ಹಾಂ ಅಕ್ಕಾ, ಬಂದಾಳ, ಹಾಂ, ನೆಪ್ಪದ, ನೆಪ್ಪದ" ಎಂದು ಗೋಡೆಗೆ ಮುಖ ಮಾಡಿ ಮಾತಾಡಿದ. ಆಮೇಲೆ ಹಿತ್ತಲಲ್ಲಿ ಹೊಸದಾಗಿ ಕೊರೆಸಿದ ಬೋರ್‌ವೆಲ್ ತೋರಿಸಿದ. ನೀರು ಬಂದಿರಲಿಲ್ಲ. ಬರದ ನೀರನ್ನೂ ಇಪ್ಪತ್ತು ನಿಮಿಷ ತೋರಿಸಿದ.

"ಮಾಮಾ, ನಾ ಬರ್ತೀನ್ರಿ" ಎಂದು ಸೈಕಲ್ ಹತ್ತಿದರೆ ಕ್ಯಾರಿಯರ್ ಮೇಲೆ ಒಂದು ಬುಟ್ಟಿ ಕೂತಿತ್ತು. ಬುಟ್ಟಿಗೆ ಸೀರೆ ತುಂಡು ಕಟ್ಟಿತ್ತು. ತುಂಡಿನ ತೂತಿನಿಂದ ಒಂದು ಜವಾರಿ ಕೋಳಿ ತಲೆ ಹೊರಗೆ ಹಾಕಿ ಲುಂಬಿನಿಯನ್ನೇ ನೋಡುತ್ತಿತ್ತು.

"ಚಿತ್ತಾಪುರದ ಭಾಗ್ಯವ್ವ ಕಾವಿಗೆ ಕುಂದ್ರಾ ಕೋಳಿ ಬೇಕಂದಿದ್ಲು" ಎಂದ ಮಾಮ. "ಹೆಂಗೂ ಹೊಂಟೀದಿ, ಇದಿಷ್ಟು ಕೊಟ್ಟುಬಿಡು."

ನಮ್ಮ ಕಡೆ ಈ ಮಾತಿಗೆ ಇಲ್ಲ ಅಂದವರು ಹುಟ್ಟಿಲ್ಲ. ಒಬ್ಬರು ಒಂದು ಊರಿಗೆ ಹೊರಟರೆಂದರೆ ಆ ಊರಿಗೆ ಹೋಗಬೇಕಾದ ಬೇಳೆ, ಉಪ್ಪಿನಕಾಯಿ, ಮದುವೆ ಕಾರ್ಡು, ಔಷಧಿ ಎಲ್ಲ ಅವರ ಹೆಗಲಿಗೆ. ಖಾಲಿ ಕೈಲಿ ಹೋಗುವುದೇ ಒಂದು ಥರ ಅವಮಾನ. ಬಸ್ಸಿನಲ್ಲಿ ಹೋಗುವವರಿಗೆ ಸರಿ. ಸೈಕಲ್ಲಿಗೂ ಇದು ಅನ್ವಯಿಸುತ್ತದೆಂದು ಆ ಪರದೇಶದ ಹೆಂಗಸು ಹೇಳಿರಲಿಲ್ಲ.

ಮಳಖೇಡದ ಹತ್ತಿರ ಕಾಗಿಣಾ ನದಿ ದಾಟುವಾಗ ಕೋಳಿ ಗಾಳಿಗೆ ಕಣ್ಣು ಮುಚ್ಚಿ ಸುಖವಾಗಿತ್ತು. ರಸ್ತೆಯಲ್ಲಿ ಲಾರಿಗಳು ವೇಗ ಇಳಿಸಿದವು. "ಕೋಳಿ ಎಷ್ಟಕ್ಕ ಕೊಡ್ತಿ?" ಎಂದು ಇಬ್ಬರು ಡ್ರೈವರುಗಳು ಕೇಳಿದರು. ಇಂಥ ಹೆಲ್ಮೆಟ್, ಇಂಥ ಕಪ್ಪು ಕನ್ನಡಕ ಹಾಕಿಕೊಂಡು ಕೋಳಿ ಮಾರುವವಳನ್ನು ಅವರು ಎಲ್ಲಿ ಕಂಡಿರಬೇಕು!

ಚಿತ್ತಾಪುರದಲ್ಲಿ ಭಾಗ್ಯತ್ತಿ ಹತ್ತು ಗಂಟೆಗೇ ರೊಟ್ಟಿ ಊಟಕ್ಕೆ ಕೂರಿಸಿದಳು. "ಕೂದಲಾ ಏನ್ ಒಣಗ್ಯಾವ" ಎಂದು ತಲೆಗೆ ಎಣ್ಣೆ ಹಚ್ಚಿ ತಿಕ್ಕಿದಳು. ಲುಂಬಿನಿ ಎದ್ದರೆ ಜಡೆ ಅತ್ತೆಯ ಕೈಯಲ್ಲಿ, ಹೋಗುವುದೆಲ್ಲಿಗೆ? ಕೊನೆಗೆ ಕೋಳಿ ನೋಡಿದ ಅತ್ತೆ ಮುಖ ಕಿವುಚಿದಳು.

"ನಾ ಕರೀದು ಕೇಳಿದ್ದೆ. ಇದು ಕೆಂಪದ. ಕೆಂಪದು ತತ್ತಿ ಇಟ್ಟು ಮರತುಬಿಡ್ತದ, ಕಾವಿಗೆ ಕೂಡಂಗಿಲ್ಲ. ಹೆಂಗೂ ಹೊಳ್ಳಿ ಹೊಂಟೀದಿ, ಭೀಮಶಾಗ ವಾಪಸ್ ಕೊಡು."

"ಅತ್ತೀ, ನಾ ಈಗ ಮುಂದ ಹೊಂಟೀನಿ."

"ಮುಂದ ಹೋಗಿ ಹಿಂದ ಬರ್ತಿಯಲ್ಲಾ. ಮತ್ತ ಈ ಬ್ಯಾಳಿ ವಾಡಿಯಾಗ ರಸೂಲ್ ಚಾಚಾನ ಹೆಂಡ್ತಿ ಅಖ್ತರ ಬೇಗಂಗ ಕೊಡು. ಐದೇ ಕಿಲೋ."

ಹಣಮವ್ವನಿಗೆ ಎರಡನೇ ಫೋನು ಹೋಗುವಷ್ಟರಲ್ಲಿ ಹನ್ನೊಂದು ಬಾರಿಸಿತು. ಲುಂಬಿನಿ ಹಲ್ಲು ಕಚ್ಚಿ ತುಳಿದಳು. ಹೊಟ್ಟೆಯಲ್ಲಿ ಸುಸಲಾ, ಅದರ ಮೇಲೆ ರೊಟ್ಟಿ, ಬೆನ್ನ ಹಿಂದೆ ಕೋಳಿ, ಚೀಲದಲ್ಲಿ ಬೇಳೆ. ಉಳಿಸಿದ ಆ ಮೂವತ್ತು ಗ್ರಾಂ ನೆನೆದು ಆಕೆಗೆ ಅಳು ಬಂತು.

ವಾಡಿಯ ಗುಲಾಮ್ ರಸೂಲ್ ದೇವಿಂದ್ರಪ್ಪನ ಹಳೆಯ ದೋಸ್ತ, ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ನಿವೃತ್ತಿಯಾಗಿ ಎಂಟು ವರ್ಷವಾದರೂ ಕೈಗಡಿಯಾರ ನೋಡದೆ ಸೀನುವುದಿಲ್ಲ. ಲುಂಬಿನಿ ಅಂಗಳಕ್ಕೆ ಬಂದೊಡನೆ, "ಹನ್ನೊಂದು ಐವತ್ತೆರಡು. ಭಾಳ ಲೇಟ್ ನಡೀಲಿಕತ್ತಾದ ಬೇಟಾ ನಿನ್ನ ಗಾಡಿ" ಎಂದರು. ಒಳಗಿನಿಂದ ಬಿರಿಯಾನಿಯ ವಾಸನೆ ಬಂತು. ಲುಂಬಿನಿ ಅಂಗಳದಲ್ಲೇ ಕುಸಿದು ಕೂತಳು.

"ಚಾಚಾ, ನಾ ಉಂಡ್ರ ನನ್ನ ನೇಪಾಳ ಹೋಯ್ತು."

ಗುಲಾಮ್ ರಸೂಲ್ ಗಂಟಲು ಸರಿಮಾಡಿಕೊಂಡರು. ಮೂವತ್ತೈದು ವರ್ಷ ಒಂದು ಗಾಡಿಯ ಬಗ್ಗೆಯೂ ಸುಳ್ಳು ಬರೆಯದ ಮನುಷ್ಯ. ಈಗ ಬಾಯಿ ಮುಚ್ಚಿಕೊಂಡಿರುವುದು ಅವರಿಂದ ಆಗಲಿಲ್ಲ.

"ಖರೇ ಹೇಳ್ತೀನಿ ಬೇಟಾ. ನಿಮ್ಮವ್ವ ನಿನ್ನೇನೇ ನಾಕೂ ಮನಿಗೆ ಫೋನ್ ಮಾಡ್ಯಾಳ. ಹುಡಿಗಿ ಬಂದ್ರ ಉಣಸ್ರಿ, ಕುಂದ್ರಸ್ರಿ, ಬ್ಯಾಗ ಬಿಡಬ್ಯಾಡ್ರಿ ಅಂದಾಳ. ನಿನ್ನ ಬದಿ ಹಳಿಗೆ, ಲೂಪ್ ಲೈನಿಗೆ ಹಾಕಿ ನಿಂದ್ರಸ್ಯಾಳ ಆಕಿ."

ಲುಂಬಿನಿಗೆ ಸಿಟ್ಟು ನೆತ್ತಿಗೇರಿತು. ಅವ್ವ ಹೀಗೆ ಮೋಸ ಮಾಡುತ್ತಾಳೆಂದು ಆಕೆ ಕನಸಿನಲ್ಲೂ ಎಣಿಸಿರಲಿಲ್ಲ. ಆಕೆ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಬುಟ್ಟಿಯಿಂದ ದೊಡ್ಡ ಗದ್ದಲ ಎದ್ದಿತು. ಕೋಳಿ ತತ್ತಿ ಇಟ್ಟಿತ್ತು.

"ಹನ್ನೆರಡು ಗಂಟೆ ಒಂದು ನಿಮಿಷ" ಎಂದರು ಚಾಚಾ. ಆಮೇಲೆ ದನಿ ತಗ್ಗಿಸಿದರು. "ಕೇಳಿಲ್ಲಿ. ಕಲ್ಲಿದ್ದಲ ಗಾಡಿ ತಾಸುಗಟ್ಟಲೆ ನಿಂದ್ರಸ್ತಾರ. ಹಣ್ಣು, ಹಾಲು, ಮೀನಿನ ಗಾಡಿ ಯಾವ ಸ್ಟೇಷನ್ ಮಾಸ್ತರನೂ ನಿಂದ್ರಸಂಗಿಲ್ಲ, ಕೆಟ್ರ ಅವನ ತಲಿಗೆ ಬರ್ತದ. ನೀ ಕೆಡೋ ಮಾಲು ಹೇರಿದ ಗಾಡಿ ಆಗು."

ಅವರ ಹೆಂಡತಿ ಅಖ್ತರ ಬೇಗಂ ಬೇಳೆ ಇಳಿಸಿಕೊಂಡು ಒಂದು ಸ್ಟೀಲ್ ಡಬ್ಬಿಯ ತುಂಬ ಶಾವಿಗೆ ಖೀರು ತಂದಳು. ಬಿರಿಯಾನಿ ಉಣ್ಣದೆ ಹೋಗುವವಳ ಮೇಲೆ ಮುನಿಸಿತ್ತು, ಆದರೂ, "ಶಹಾಬಾದ್‌ನಾಗ ನಿಮ್ಮ ದೊಡ್ಡವ್ವಗ ಕೊಡು. ಹೆಂಗೂ ಹೊಂಟೀದಿ" ಎಂದಳು. ಒಡೆಯದಂತೆ ಕಾಲುಚೀಲದಲ್ಲಿ ತುರುಕಿದ ತತ್ತಿಯೂ ಚೀಲ ಸೇರಿತು. ಕೋಳಿ ಭೀಮಶಾನದಾದರೆ ತತ್ತಿಯೂ ಅವನದೇ ಎಂಬುದು ಬೇಗಂಳ ನ್ಯಾಯ.

ಶಹಾಬಾದಿನ ದೊಡ್ಡವ್ವ ಆ ನಾಲ್ಕೂ ಮನೆಯವರಲ್ಲಿ ಗಟ್ಟಿ ಆಸಾಮಿ. ಖೀರು ಇಸಿದುಕೊಂಡಳು, ತಂಗಿಗೆ ಫೋನು ಮಾಡಿದಳು, ಗಾದಿ ಹಾಸಿ "ಒಂದೀಟು ಅಡ್ಡಾಗು" ಎಂದಳು. ಲುಂಬಿನಿ ಕಾಲು ತೊಳೆದು ಬರುವಷ್ಟರಲ್ಲಿ ಆಕೆಯ ಬೂಟು ಮಾಯ. ನಾಯಿ ಒಯ್ದಿರಬೇಕು ಎಂದಳು ದೊಡ್ಡವ್ವ. ಆ ಓಣಿಯಲ್ಲಿ ನಾಯಿ ಇರಲಿಲ್ಲ.

ಲುಂಬಿನಿಗೆ ಚಾಚಾನ ಮಾತು ನೆನಪಾಯಿತು. ಬುಟ್ಟಿ ತಂದು ದೊಡ್ಡವ್ವನ ಮುಂದಿಟ್ಟಳು. "ದೊಡ್ಡವ್ವಾ, ಬಿಸಲಿಗೆ ಕೋಳಿ ಹೆಂಗ ಮಾಡ್ಲಿಕತ್ತದ ನೋಡು. ಭೀಮಶಾ ಮಾಮಾಂದಿದು. ನಿನ್ನ ಮನ್ಯಾಗ ಸತ್ರ ನಾಳೆ ಮಂದಿ ಏನಂತಾರ?"

ಕೋಳಿ ಕೂಡಾ ನಿಯತ್ತಿನಿಂದ ಬಾಯಿ ತೆರೆದು ಕಣ್ಣು ತೇಲಿಸಿತು. ದೊಡ್ಡವ್ವ ಗಾಬರಿಯಾಗಿ ಜೋಳದ ಡಬ್ಬಿಯೊಳಗಿಂದ ಎರಡೂ ಬೂಟು ತೆಗೆದುಕೊಟ್ಟಳು. "ನಡಿ ನಡಿ, ಎದ್ದು ನಡಿ ಮೊದಲ" ಎಂದು ಬುಟ್ಟಿಗೆ ಒದ್ದೆ ಬಟ್ಟೆ ಹೊದಿಸಿದಳು. ಲುಂಬಿನಿ ಗೆದ್ದೆ ಅಂದುಕೊಂಡಳು. ಬೂಟು ಕಟ್ಟಿ ತಲೆ ಎತ್ತಿದರೆ ದೊಡ್ಡವ್ವ ಗೋಣಿಚೀಲ ಸುತ್ತಿದ್ದ ಏನನ್ನೋ ಎರಡೂ ಕೈಯಲ್ಲಿ ಹೊತ್ತು ಬರುತ್ತಿದ್ದಳು.

ರೊಟ್ಟಿ ಬಡಿಯುವ ಕಲ್ಲು. ಶಹಾಬಾದದ ನುಣ್ಣನೆ ಫರಸಿ, ದುಂಡಗೆ ಕೊರೆಸಿದ್ದು. ಹತ್ತು ಕಿಲೋಗೆ ಕಡಿಮೆಯಿಲ್ಲ.

"ನಿಮ್ಮವ್ವ ಆರು ವರ್ಷದಿಂದ ಕೇಳ್ಲಿಕತ್ತಾಳ. ಆಕೀದು ಒಡದು ಎರಡಾಗ್ಯದಂತ. ಬಸ್ಸಿಗಿ ಹೋಗೋರು ಯಾರೂ ಒಯ್ಯವಲ್ರು." ದೊಡ್ಡವ್ವ ಕಲ್ಲನ್ನು ಕ್ಯಾರಿಯರಿಗೆ ಕಟ್ಟಿಯೇಬಿಟ್ಟಳು. "ನೀ ಹೆಂಗೂ ಹೊಂಟೀದಿ."

ಬರುವ ದಾರಿ ಬೇರೆಯೇ ಆಗಿತ್ತು. ಕಲ್ಲಿನ ಭಾರಕ್ಕೆ ಸೈಕಲ್ಲಿನ ಬಾಲ ಓಲಾಡಿತು. ವಾಡಿ ದಾಟಿದಳು, ಚಿತ್ತಾಪುರದಲ್ಲಿ ಅತ್ತೆ ರಸ್ತೆಗೆ ಬಂದು ಕೈ ಬೀಸಿದರೂ ಕಾಣದವಳಂತೆ ದಾಟಿದಳು. ಸೇಡಂ ಮುಟ್ಟಿದಾಗ ಸರಿಯಾಗಿ ಐದು. ಇನ್ನುಳಿದದ್ದು ಒಂದೂವರೆ ತಾಸು.

ಭೀಮಶಾ ಮಾಮ ಕೋಳಿಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಭಾಗ್ಯವ್ವ ಕೇಳಿದ್ದ ಕರಿ ಕೋಳಿ ಮಧ್ಯಾಹ್ನವೇ ಅವನ ಮನೆಯಲ್ಲಿ ಸಾರಾಗಿತ್ತು, ಆ ನಾಚಿಕೆ ಅವನಿಗೆ. "ಇದನ್ನ ನಿಮ್ಮವ್ವಗ ಕೊಡು" ಎಂದ. ಆಮೇಲೆ ಲುಂಬಿನಿಯ ಮುಖ ನೋಡಿ ಅವನಿಗೂ ಕನಿಕರ ಬಂತು. "ಆ ಕಲ್ಲು ಇಲ್ಲೇ ಇಳಸವ್ವಾ. ಹಗುರಾಗಿ ಹೋಗು, ಮುಟ್ತಿ. ಎಂದರ ಬಸ್ಸಿಗಿ ಹಾಕ್ತೀನಿ."

ಕಲ್ಲಿಲ್ಲದಿದ್ದರೆ ಜೀವ ಬಿಟ್ಟು ತುಳಿದು ಒಂದೂವರೆ ತಾಸಿನಲ್ಲಿ ಚಿಂಚೋಳಿ. ಕಲ್ಲಿದ್ದರೆ ಎರಡರ ಮೇಲೆ. ಲುಂಬಿನಿ ಹಗ್ಗದ ಗಂಟಿಗೆ ಕೈ ಹಾಕಿದಳು. ಅವ್ವನ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲ. ಮೋಸ ಮಾಡಿದವಳಿಗೆ ಕಲ್ಲು ಬೇರೆ ಹೊತ್ತು ಕೊಡಬೇಕೇ? ಆದರೆ ಮನೆಯಲ್ಲಿನ ಆ ಒಡೆದ ಕಲ್ಲಿನ ಎರಡು ತುಂಡುಗಳ ನಡುವಿನ ಸಂದಿ ಕಣ್ಣಿಗೆ ಕಟ್ಟಿತು. ದಿನವೂ ರೊಟ್ಟಿ ಅಲ್ಲೇ ಹರಿಯುತ್ತಿತ್ತು. ಹರಿದ ರೊಟ್ಟಿಯನ್ನು ಅವ್ವ ತನ್ನ ತಾಟಿಗೆ ಹಾಕಿಕೊಂಡು ಇಡಿಯದನ್ನು ಲುಂಬಿನಿಗೆ ಕೊಡುತ್ತಿದ್ದಳು, ಆರು ವರ್ಷದಿಂದ. ಬಸ್ಸಿಗೆ ಹಾಕುತ್ತೇನೆಂದ ಮಾಮ ಬಸ್ಸಿಗೆ ಎಂದೂ ಹಾಕುವವನಲ್ಲ.

"ಇರ್ಲಿ ಮಾಮಾ" ಎಂದು ಗಂಟನ್ನು ಇನ್ನಷ್ಟು ಬಿಗಿದಳು. ನೇಪಾಳ ಕೈಬಿಟ್ಟಿತೆಂದು ಆಕೆಗೆ ಗೊತ್ತಿತ್ತು. ದಾರಿಯುದ್ದಕ್ಕೂ ಗಟ್ಟಿಯಾಗಿ ಅತ್ತಳು. ಕೋಳಿ ಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ.

ಚಿಂಚೋಳಿ ಮುಟ್ಟಿದಾಗ ಏಳು ಇಪ್ಪತ್ತು. ಓಣಿಯ ಮನೆಮನೆಯಲ್ಲೂ ಲೈಟು ಉರಿಯುತ್ತಿತ್ತು. ಅವರ ಮನೆ ಮಾತ್ರ ಕತ್ತಲು. ಲುಂಬಿನಿ ಸೈಕಲ್ಲನ್ನು ಗೋಡೆಗೆ ಒರಗಿಸಿದಳು. ಬಾಗಿಲಿಗೆ ಓಡಿದರೆ ಒಳಗೆ ಕೊಡ ಉರುಳಿದ ಸದ್ದು, ಹಿಂದೆಯೇ "ಅಯ್ಯೋ ಸತ್ತೆ" ಎಂಬ ಅಪ್ಪನ ದನಿ.

"ಅಪ್ಪಾ, ಕರೆಂಟ್ ಹೋಗ್ಯದೇನು?"

"ಕರೆಂಟ್ ಅದ. ನಿಮ್ಮವ್ವ ಹಚ್ಚಗೊಡವಲ್ಲಳು. ಮೊದಲ ಬುದ್ಧನ ಮುಂದ ದೀಪ, ಆಮ್ಯಾಲ ಲೈಟ್ ಅಂತಾಳ. ದೀಪ ಹಚ್ಚಂದ್ರ ಕಡ್ಡಿಪೆಟ್ಟಿಗಿ ಸಿಗವಲ್ದು ಅಂತಾಳ. ಒಂದ್ ತಾಸಾಯ್ತು ಹುಡಕಾಕತ್ತಾಳ, ಕುಂತಲ್ಲೇ ಕುಂತು."

ಲುಂಬಿನಿ ಮೊಬೈಲಿನ ಟಾರ್ಚ್ ಹಾಕಿದಳು. ಬುದ್ಧನ ಮೂರ್ತಿಯ ಮುಂದೆ ಹಣಮವ್ವ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಕಡ್ಡಿಪೆಟ್ಟಿಗೆ ಆಕೆಯ ಮುಷ್ಟಿಯಲ್ಲಿತ್ತು.

"ಬಂದ್ಯಾ? ನಿಂದ್ರು, ಈಗ ಸಿಕ್ತು" ಎಂದು ಕಡ್ಡಿ ಗೀರಿ ದೀಪ ಹಚ್ಚಿದಳು. ಮಗಳ ಕಡೆ ನೋಡದೆ, "ನಾ ದೀಪ ಹಚ್ಚೋದರೊಳಗ ಬಂದಿ. ಮಾತಂದ್ರ ಮಾತು" ಎಂದಳು.

ಲುಂಬಿನಿ ಹೊರಗೆ ಹೋಗಿ ಬುಟ್ಟಿಯನ್ನು ಬಾಗಿಲೊಳಗೆ ಇಟ್ಟು ಅದರ ಬಟ್ಟೆ ಸಡಿಲಿಸಿದಳು. ಆಮೇಲೆ ಗೋಣಿಚೀಲ ಹೊತ್ತು ತಂದು ಅವ್ವನ ಮುಂದಿಟ್ಟಳು. ಹಣಮವ್ವ ಚೀಲ ಸರಿಸಿ ಕಲ್ಲಿನ ಮೇಲೆ ಕೈಯಾಡಿಸಿದಳು.

"ಇದನ್ನ ಬಿಟ್ಟು ಬಂದಿದ್ರ ಬೆಳಕಿರ್ತಾ ಬರ್ತಿದ್ದಿ."

"ಬರ್ತಿದ್ದೆ."

ಹಣಮವ್ವನ ಕಣ್ಣಲ್ಲಿ ಬಳಬಳ ನೀರು ಇಳಿಯಿತು. ಸೆರಗಿನಿಂದ ಮೂಗು ಒರೆಸಿಕೊಂಡಳು. "ದಾರ್‍ಯಾಗ ಹಸದಿದ್ದ್ಯಾ?"

"ಎಲ್ಲಿ ಹಸೀಲಿಕ್ಕ ಬಿಟ್ಟಿ ನೀ? ನೀ ಮಾಡಿದ್ದೆಲ್ಲಾ ಚಾಚಾ ಹೇಳ್ಯಾರ."

"ಆ ಮುದುಕನ ಬಾಯಾಗ ಸೀಟಿ ತುರುಕಬೇಕು" ಎಂದು ಹಣಮವ್ವ ಎದ್ದು ಅಡುಗೆಮನೆಯ ಕತ್ತಲಿಗೆ ಹೋದಳು. ಡಬ್ಬಿಗಳ ಸದ್ದಾಯಿತು. ಮರಳಿ ಬಂದಾಗ ಕೈಯಲ್ಲಿ ಒಂದು ಗಂಟಿತ್ತು. ಅದನ್ನು ಮಗಳ ಮಡಿಲಲ್ಲಿಟ್ಟಳು. ತೊಗರಿಬೇಳೆ, ಎರಡು ಕಿಲೋಗೆ ಮೋಸವಿಲ್ಲ.

"ಅಲ್ಲಿ ಲುಂಬಿನಿಯಾಗ ಕಾವಿ ಉಟ್ಟ ಭಂತೇಜಿ ಇರ್ತಾರಲ್ಲ, ಅವರಿಗಿ ಇಂಥಾ ಬ್ಯಾಳಿ ಎಲ್ಲಿ ಸಿಗಬೇಕು?" ಎಂದಳು. "ಹೆಂಗೂ ಹೊಂಟೀದಿ, ಇದಿಷ್ಟು ಕೊಟ್ಟುಬಿಡು."

ಲುಂಬಿನಿ ಗಂಟನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು. ಅದು ಎಷ್ಟು ಗ್ರಾಂ ಎಂದು ತೂಗಿಸಿ ನೋಡುವ ಮನಸ್ಸಾಗಲಿಲ್ಲ.

"ಈಗರ ಲೈಟ್ ಹಚ್ಚಲ್ಯಾ?" ಎಂದು ಮೂಲೆಯಿಂದ ದೇವಿಂದ್ರಪ್ಪ ಕೇಳಿದ. "ಯಾವುದೋ ಕೋಳಿ ನನ್ನ ತೊಡಿಮ್ಯಾಲ ಬಂದು ಕುಂತದ."