ಒಂದೇ ಹೆಸರಿನ ಹಾಡುಗಳು

ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಗುರುತು ಬಂತು. ಹಾಡುಗಳೆಲ್ಲ ಫೋನಿಗೆ ಸೇರಿವೆ, ಇನ್ನು ಚಿಂತೆಯಿಲ್ಲ ಅಂತ ಅದರ ಅರ್ಥ. ಟೈಲರಮ್ಮ ಫೋನು ತೆರೆದು ನೋಡಿದಳು. ಒಂದೇ ಒಂದು ಹಾಡಿತ್ತು. ಕೇಬಲ್ ಕಿತ್ತು ಮತ್ತೆ ಚುಚ್ಚಿದಳು. ಹಸಿರು ಗುರುತು ಮತ್ತೆ ಬಂತು. ಹಾಡು ಮತ್ತೆ ಒಂದೇ.

"ನಿನ್ನ ಮನೆ ಹಾಳಾಗ!" ಅಂತ ಅವಳು ಕಂಪ್ಯೂಟರಿಗೆ ಶಾಪ ಹಾಕಿದಳು. ಸುಳ್ಳು ಹೇಳುವ ಮನುಷ್ಯರು ಕೊನೇಪಕ್ಷ ಕಣ್ಣಾದರೂ ತಪ್ಪಿಸುತ್ತಾರೆ. ಈ ಯಂತ್ರಕ್ಕೆ ಅಷ್ಟು ಮಾನ ಮರ್ಯಾದೆಯೂ ಇರಲಿಲ್ಲ.

ಒಂದು ಹಾಡಿಗೆ ಇಷ್ಟು ರಂಪವೇ ಅಂತ ಯಾರಾದರೂ ಕೇಳಬಹುದು. ಕೇಳಲಿ, ಹೇಳುತ್ತೇನೆ. ಟೈಲರಮ್ಮನ ಗಂಡ ಬಸ್ ಡ್ರೈವರ್. ಹೋದ ವರ್ಷ ಬಚ್ಚಲುಮನೆಯಲ್ಲಿ ಲಕ್ವ ಹೊಡೆದು ಬಿದ್ದ. ಹೋದ ಮಾತು ತೊದಲುತ್ತ ವಾಪಸು ಬಂತು, ಕೈಯೂ ಬಂತು. ಬಲಗಾಲು ಮಾತ್ರ ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತಲ್ಲೇ ನಿಲ್ಲುತ್ತಿತ್ತು. ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಒಂದು ಉಪಾಯ ಹೇಳಿಕೊಟ್ಟರು. ತಾಳ ಕಿವಿಗೆ ಬಿದ್ದರೆ ಕಾಲು ತಾನಾಗಿ ಏಳುತ್ತದೆ, ಆದರೆ ತಾಳ ಅವನ ಹೆಜ್ಜೆಯಷ್ಟೇ ನಿಧಾನವಾಗಿರಬೇಕು. ಅವನು ಬಸ್ಸು ಓಡಿಸುವಾಗ ಗುನುಗುತ್ತಿದ್ದ ಹಳೆಯ ಹಾಡನ್ನು ಟೈಲರಮ್ಮ ಕಂಪ್ಯೂಟರಿನಲ್ಲಿ ಎಳೆದೆಳೆದು ನಿಧಾನ ಮಾಡಿದಳು. ಹಾಡುವವನು ಅರ್ಧ ನಿದ್ದೆಯಲ್ಲಿ ಹಾಡಿದಂತಿತ್ತು. ಆದರೆ ಅವನು ನಡೆದ! ಕಾಲು ಚುರುಕಾದ ಹಾಗೆ ಹಾಡನ್ನೂ ಚೂರು ಚೂರೇ ಚುರುಕು ಮಾಡುತ್ತ ಬಂದಳು. ಅದೇ ಹಾಡು, ಬೇರೆ ಬೇರೆ ಓಟ.

ಹೆಸರಿಡುವುದರಲ್ಲಿ ಮಾತ್ರ ಅವಳು ತನ್ನ ಹೊಲಿಗೆ ಅಂಗಡಿಯ ಪದ್ಧತಿ ಬಿಡಲಿಲ್ಲ. ಗಿರಾಕಿ ಒಬ್ಬರಾದರೆ ಬಟ್ಟೆ ಎಷ್ಟೇ ಇರಲಿ, ಗಂಟು ಒಂದು, ಹೆಸರು ಒಂದು. ಅಡಿಯಲ್ಲಿರುವುದು ಹಳೇ ಅಳತೆ, ಮೇಲಿರುವುದು ಹೊಸ ಅಳತೆ. ಇಷ್ಟು ವರ್ಷದಲ್ಲಿ ಒಬ್ಬರ ಅಂಗಿ ಇನ್ನೊಬ್ಬರಿಗೆ ಹೋದದ್ದಿಲ್ಲ. ಹಾಡುಗಳಿಗೂ ಹಾಗೇ ಮಾಡಿದಳು. ಎಲ್ಲಕ್ಕೂ ಒಂದೇ ಹೆಸರು, ಅಡಿಯಲ್ಲಿರುವುದು ಎಲ್ಲಕ್ಕಿಂತ ನಿಧಾನ.

ಇವತ್ತು ಬೆಳಿಗ್ಗೆ ಡಿಪೋದಲ್ಲಿ ಅವನ ಪರೀಕ್ಷೆ. ಯಾರ ಕೈಯನ್ನೂ ಹಿಡಿಯದೆ ಅಲ್ಲಿನ ಹಾಲ್‌ನ ಆ ತುದಿಯಿಂದ ಈ ತುದಿಗೆ ನಡೆದರೆ ಬಸ್ಸುಗಳ ಹೊತ್ತು ನೋಡುವ ಕುರ್ಚಿ ಅವನದು. ನಡೆಯದಿದ್ದರೆ ಮನೆಗೆ, ಶಾಶ್ವತವಾಗಿ. "ಮನೇಲಿ ಕೂರ್ಸಿದ್ರೆ ನಾನು ಉಳಿಯಲ್ಲ ಕಣೇ" ಅಂತ ಅವನು ಎರಡು ಸಲ ಹೇಳಿದ್ದ, ಅದೂ ನಗುನಗುತ್ತ.

ಕಾಫಿ ಲೋಟ ಹಿಡಿದುಕೊಂಡು ಮೈದುನ ಬಂದ. ಅಣ್ಣನನ್ನು ಡಿಪೋಗೆ ಕರೆದೊಯ್ಯಲು ನಿನ್ನೆಯೇ ಬಂದು ಉಳಿದಿದ್ದ. ಕೇಳದಿದ್ದರೂ ಎಲ್ಲದಕ್ಕೂ ಉತ್ತರ ಕೊಡುವುದರಿಂದ ಮನೆಯವರೆಲ್ಲ ಅವನನ್ನು ಎಲ್ಲಬಲ್ಲ ಅನ್ನುತ್ತಿದ್ದರು. ಅವನು ಅದನ್ನು ಹೊಗಳಿಕೆ ಅಂದುಕೊಂಡಿದ್ದ.

"ಅತ್ತಿಗೆ, ಬೇರೆ ಕೇಬಲ್ ಹಾಕಿ ನೋಡಿದ್ರಾ?"

"ನೋಡ್ದೆ."

"ಆಫ್ ಮಾಡಿ ಆನ್ ಮಾಡಿದ್ರಾ?"

"ಮಾಡ್ದೆ ಕಣಯ್ಯಾ! ಪಾಸ್‌ವರ್ಡ್ ಹಾಕ್ದೆ, ತೆಗ್ದೆ, ಮತ್ತೆ ಹಾಕ್ದೆ. ಜಾಗ ಸಾಲ್ದೇನೋ ಅಂತ ನನ್ನ ಮದುವೆ ಫೋಟೋನೂ ಅಳಿಸ್ದೆ. ಇನ್ನೇನು ಮಾಡ್ಲಿ, ಅದರ ಕಾಲಿಗೆ ಬೀಳ್ಲಾ?"

"ಅಯ್ಯೋ, ಜಾಗದ ಯೋಚನೆ ಯಾಕೆ? ನಿನ್ನೆ ನಾನೇ ಎಲ್ಲಾ ಕ್ಲೀನ್ ಮಾಡಿದ್ನಲ್ಲ. ಒಂದೇ ಹಾಡು ಸಾಲಾಗಿ ಕೂತಿತ್ತು ಅತ್ತಿಗೆ! ಎಲ್ಲಕ್ಕಿಂತ ಹಳೇದೊಂದನ್ನ ಇಟ್ಟು ಮಿಕ್ಕಿದ್ದೆಲ್ಲ ತೆಗೆದುಹಾಕ್ದೆ. ಸೆಟ್ಟಿಂಗೂ ಹಾಕಿದೀನಿ. ಇನ್ಮೇಲೆ ಒಂದೇ ಹೆಸರಿನದು ಎರಡು ಕಂಡ್ರೆ ಫೋನಲ್ಲೂ ಅಳಿಸುತ್ತೆ, ಕಂಪ್ಯೂಟರಲ್ಲೂ ಅಳಿಸುತ್ತೆ."

ಟೈಲರಮ್ಮ ಕಂಪ್ಯೂಟರಿನತ್ತ ತಿರುಗಿದಳು. "ಕಸದ ಬುಟ್ಟೀಲಿ ಇರುತ್ತಲ್ಲ?" ಅಂತ ಮೆಲ್ಲಗೆ ಕೇಳಿದಳು.

"ಅದನ್ನೂ ಖಾಲಿ ಮಾಡ್ದೆ" ಅಂದ ಎಲ್ಲಬಲ್ಲ, ಬೆನ್ನು ತಟ್ಟುತ್ತಾಳೆ ಅಂತ ಕಾಯುವವನ ಹಾಗೆ.

ಆಮೇಲೆ ಅವಳು ಬೈದದ್ದನ್ನು ಪೂರ್ತಿ ಬರೆದರೆ ಕಾಗದ ಹೊತ್ತಿಕೊಳ್ಳುತ್ತದೆ. "ನಿನ್ನ ಯಾರಯ್ಯ ಕೇಳ್ದೋರು? ಕರೆಯದ ಮನೆಗೆ ಹೋಗಿ ಕಸ ಗುಡಿಸೋನೇ! ಅದು ಹಾಡಲ್ಲ ಕಣೋ, ನಿಮ್ಮಣ್ಣನ ಕಾಲು! ಕಾಲು ಅಳಿಸಿದೀಯ ನೀನು!" ಎಲ್ಲಬಲ್ಲನ ಮುಖ ಬಿಳುಚಿಕೊಂಡಿತು. ಹಾಡನ್ನು ಮತ್ತೆ ನಿಧಾನ ಮಾಡೋಣ ಅಂತ ಕೂತ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅಂತಾರಲ್ಲ, ಹಾಗೆ ಹಾಡು ನಿಧಾನ ಮಾಡುವ ಪ್ರೋಗ್ರಾಂ ಇವತ್ತೇ ಹೊಸ ಆವೃತ್ತಿ ಬೇಕು ಅಂತ ಹಟ ಹಿಡಿದು ಸುತ್ತತೊಡಗಿತು. ಹೊರಡುವ ಹೊತ್ತಾದರೂ ಸುತ್ತುತ್ತಲೇ ಇತ್ತು.

ಒಳಗಿನ ಕೋಣೆಯಲ್ಲಿ ಗಂಡ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಕೂತಿದ್ದ. "ಏನೇ ಗಲಾಟೆ?" ಅಂತ ಕೇಳಿದ.

"ಏನೂ ಇಲ್ಲ. ಎಲ್ಲಾ ಸರಿಯಾಗಿದೆ" ಅಂದಳು ಟೈಲರಮ್ಮ. ಅವನು ಬಿದ್ದ ದಿನದಿಂದ ಅವನೊಡನೆ ಅವಳದು ಇದೇ ಮೆತ್ತಗಿನ ದನಿ.

ಡಿಪೋದ ಹಾಲ್ ಉದ್ದಕ್ಕಿತ್ತು. ಸುಟ್ಟ ಎಣ್ಣೆ, ಹಳೇ ಟೈರಿನ ವಾಸನೆ. ಅಧಿಕಾರಿ ಮೇಜಿನ ಹಿಂದೆ ಕೂತು, "ಯಾರೂ ಮುಟ್ಟೋ ಹಾಗಿಲ್ಲ. ಹಾಡು ಗೀಡು ಏನು ಬೇಕಾದ್ರೂ ಹಾಕ್ಕೊಳ್ಳಿ" ಅಂದರು. ಗಂಡನನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಟೈಲರಮ್ಮ ಎದುರು ತುದಿಯ ಬಾಗಿಲಿಗೆ ಬಂದಳು. ಬೇರೆ ದಾರಿಯಿರಲಿಲ್ಲ. ಇದ್ದ ಒಂದೇ ಹಾಡನ್ನು, ಯಾರೂ ಎಳೆಯದ, ನಿಧಾನ ಮಾಡದ ಮೂಲ ಹಾಡನ್ನು ಹಾಕಿದಳು.

ಹಾಡು ಕುಣಿಯುತ್ತ ಹೊರಟಿತು. ಗಂಡ ಬೆಚ್ಚಿ ಅವಳತ್ತ ನೋಡಿದ. ಎಡಗಾಲು ಇಟ್ಟ. ಬಲಗಾಲು ಏಳುವಷ್ಟರಲ್ಲಿ ತಾಳ ಎಲ್ಲೋ ಮುಂದೆ ಹೋಗಿತ್ತು. ಮತ್ತೊಂದು ಸಲ ಎತ್ತಲು ಹೋಗಿ, ವಾಲಿ, ಕಿಟಕಿಯ ಸರಳು ಹಿಡಿದುಕೊಂಡ. ಅವಳು ಹಾಡು ನಿಲ್ಲಿಸಿದಳು. ಎಲ್ಲಬಲ್ಲ ಮುಂದೆ ಬಂದು ಚಪ್ಪಾಳೆ ತಟ್ಟತೊಡಗಿದ. ಆ ವಂಶದಲ್ಲೇ ಯಾರಿಗೂ ತಾಳಜ್ಞಾನವಿರಲಿಲ್ಲ. ಅವನು ಸೊಳ್ಳೆ ಹೊಡೆಯುತ್ತಿದ್ದ ಹಾಗಿತ್ತು.

"ಸಾಕು ಬಿಡಿ, ಪಾಪ" ಅಂದರು ಅಧಿಕಾರಿ, ಪೆನ್ನಿನ ಮುಚ್ಚಳ ತೆಗೆಯುತ್ತ.

ಗಂಡ ಸರಳು ಹಿಡಿದುಕೊಂಡೇ ಅವಳ ಕಡೆ ನೋಡಿ ನಕ್ಕ. "ಹೋಗ್ಲಿ ಬಿಡೇ" ಅಂದ.

ಟೈಲರಮ್ಮನ ಒಳಗೆ ಏನೋ ದಾರದ ಹಾಗೆ ಹರಿಯಿತು. ಅವರಿಗೆ ಬೇಜಾರಾಗಬಾರದು, ಅವರ ಮನಸ್ಸು ನೋಯಿಸಬೇಡಿ ಅಂತ ಡಾಕ್ಟರಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ಹೇಳಿದ್ದರು. ಇಷ್ಟು ದಿನ ಅವಳು ಸೂಜಿ ನುಂಗಿದವಳ ಹಾಗೆ ಬಾಯಿ ಮುಚ್ಚಿಕೊಂಡಿದ್ದಳು.

"ಹೋಗ್ಲಿ ಬಿಡೇ ಅಂತೆ!" ಅಂದು ಅಂಗೈಯಿಂದ ಬಾಗಿಲಿಗೆ ಬಡಿದಳು. "ತಲೆ ಸುತ್ತುತ್ತೆ ಅಂದ್ರಿ, ಡಾಕ್ಟರ ಹತ್ರ ನಡೀರಿ ಅಂದೆ, ಹೋಗ್ಲಿ ಬಿಡೇ! ಉಪ್ಪು ಬಿಡಿ ಅಂದೆ, ಹೋಗ್ಲಿ ಬಿಡೇ! ಡಬಲ್ ಡ್ಯೂಟಿ ಬೇಡ ಅಂದೆ, ಹೋಗ್ಲಿ ಬಿಡೇ!" ಪ್ರತಿಸಲವೂ ಬಾಗಿಲಿಗೆ ಒಂದು ಏಟು. ಕಣ್ಣು ತುಂಬಿ ಎದುರು ಏನೂ ಕಾಣುತ್ತಿರಲಿಲ್ಲ. "ನಾನೊಬ್ಳು ಇದೀನಲ್ಲ ಹೊಲಿಯೋಕೆ, ಎತ್ತೋಕೆ, ಒರೆಸೋಕೆ, ಹೋಗ್ಲಿ ಬಿಡೇ!"

ಉಸಿರು ಕಟ್ಟಿ ನಿಲ್ಲಿಸಿದಳು. ಕಣ್ಣೊರೆಸಿಕೊಂಡು ನೋಡಿದರೆ ಗಂಡ ಹಾಲ್‌ನ ನಡುವೆ ನಿಂತಿದ್ದ. ಅವನ ಕೈ ಯಾವುದನ್ನೂ ಹಿಡಿದಿರಲಿಲ್ಲ. ಎಲ್ಲಬಲ್ಲನ ಬಾಯಿ ತೆರೆದುಕೊಂಡಿತ್ತು.

"ಬಡಿಯೋದು ನಿಲ್ಲಿಸ್ಬೇಡ ಕಣೇ" ಅಂದ ಗಂಡ. "ಇನ್ನೂ ಇದ್ಯಲ್ಲ. ಅದನ್ನೂ ಹೇಳು."

ಅದು ಯಾವುದು ಅಂತ ಅವಳಿಗೆ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಮತ್ತೆ ಬಾಗಿಲಿಗೆ ಬಡಿದಳು, ಈ ಸಲ ಮೆಲ್ಲಗೆ, ಒಂದೊಂದು ಮಾತಿಗೆ ಒಂದೊಂದು ಏಟು. "ನೀವು ಬಿದ್ದ ದಿನ, ಒಗೆಯೋಕೆ ಅಂತ, ಅಂಗಿ ಜೇಬಿಗೆ ಕೈ ಹಾಕ್ದೆ. ಬಿ.ಪಿ. ಮಾತ್ರೆ ಪಟ್ಟಿ ಹಾಗೇ ಇತ್ತು. ಒಂದೂ ಒಡೆದಿರ್ಲಿಲ್ಲ. ದಿನಾ ಕೇಳ್ತಿದ್ದೆ, ದಿನಾ ತಗೊಂಡೆ ಅಂತಿದ್ರಿ. ನನ್ನ ಮುಖ ನೋಡ್ಕೊಂಡು, ದಿನಾ ಸುಳ್ಳು ಹೇಳ್ತಿದ್ರಿ."

ಅವನು ಬಾಗಿಲು ಮುಟ್ಟಿದ್ದ. ಅವಳಿಗೆ ಎದುರಾಗಿ, ಚೌಕಟ್ಟಿಗೆ ಕೈಯಾನಿಸಿ ಏದುಸಿರು ಬಿಡುತ್ತ ನಿಂತ. ಈಗ ನಗುತ್ತಿರಲಿಲ್ಲ.

"ನಿಂಗೆ ಸಿಕ್ಕಿರುತ್ತೆ ಅಂತ ಗೊತ್ತಿತ್ತು" ಅಂದ. "ಯಾವಾಗ ಕೇಳ್ತೀಯೋ ಅಂತ ಅವತ್ತಿಂದ ಕಾಯ್ತಾ ಇದ್ದೆ. ನೀನು ಬರೀ ಹಾಡು ಹಾಕ್ತಿದ್ದೆ."

ಅಧಿಕಾರಿ ಏನೂ ಕೇಳದೆ ಸಹಿ ಹಾಕಿದರು. ಕುರ್ಚಿ ಅವನಿಗೆ ಸಿಕ್ಕಿತು. ಟೈಲರಮ್ಮ ಮಾತ್ರ ಅವನನ್ನು ಕ್ಷಮಿಸಲಿಲ್ಲ. ಮನೆಯವರೆಗೂ ಬೈದಳು, ಅವನು ಅವಳ ಪಕ್ಕದಲ್ಲಿ ನಡೆದ.