ಬೆನಕಪ್ಪನ ಹರಿಗೋಲು

ಗಂಡನ ಹೆಸರು ಹೇಳಬಾರದಂತೆ. ಹೇಳುತ್ತೇನೆ: ಕಲ್ಲಪ್ಪ. ಒಳ್ಳೆಯ ಮನುಷ್ಯ, ಆದರೆ ಯಾರಾದರೂ ಎರಡು ಸಲ ಒತ್ತಿ ಹೇಳಿದರೆ ಹೂಂ ಅಂದುಬಿಡುತ್ತಾನೆ. ಅವನ ತಮ್ಮ ಬೆನಕಪ್ಪ ಚಳಿಜ್ವರದಲ್ಲಿ ತೀರಿಕೊಂಡ ಮೇಲೆ, ತಮ್ಮನ ಹರಿಗೋಲನ್ನು ಮಾರಿಬಿಡೋಣ ಅಂತ ಶುರುಮಾಡಿದ.

ಲಕ್ಕವಳ್ಳಿಯ ನಮ್ಮ ಬೆಸ್ತರ ಕೇರಿಯಲ್ಲಿ ಎರಡು ಹರಿಗೋಲು ಇದ್ದ ಮನೆ ನಮ್ಮದೊಂದೇ. ಭದ್ರೆಯ ಮಡುವಿನಲ್ಲಿ ದೊಡ್ಡ ಬಲೆ ಎಳೆಯಬೇಕಾದರೆ ಎರಡೂ ಬೇಕು. ಬಲೆಯ ಒಂದು ತುದಿ ಅಣ್ಣನ ಹರಿಗೋಲಲ್ಲಿ, ಇನ್ನೊಂದು ತಮ್ಮನದರಲ್ಲಿ. ಒಂದೇ ಇದ್ದರೆ ಗಾಳ ಹಾಕಿಕೊಂಡು ಕೂರಬೇಕು, ಅಷ್ಟೇ.

ಕೊಳ್ಳಲು ಬಂದವನು ಜಯದೇವಪ್ಪ. ಅಮಲ್ದಾರರ ಹರಾಜಿನಲ್ಲಿ ಕಡವಿನ ಗುತ್ತಿಗೆ ಹಿಡಿದಿದ್ದ. ಹೊಳೆ ದಾಟುವ ಜನಕ್ಕೆ ಹರಿಗೋಲು ಸಾಲದು ಅಂದ. ಆಮೇಲೆ ಮೆಲ್ಲಗೆ ಸೇರಿಸಿದ: "ಬಲೆ ಎಳೆಯೋ ದಿವ್ಸ ನಾನೇ ಹರಿಗೋಲು ಕಳಿಸ್ತೀನಿ ಕಣೋ ಕಲ್ಲಪ್ಪ. ಸಿಕ್ಕಿದ ಮೀನಲ್ಲಿ ಅರ್ಧ ನಂಗೆ ಹಾಕು, ಸಾಕು."

ನಿನ್ನೆಯವರೆಗೆ ನಮ್ಮದಾಗಿದ್ದ ಹರಿಗೋಲು, ನಮ್ಮದೇ ಬಲೆ, ಅರ್ಧ ಮೀನು ಅವನಿಗೆ! ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಗಂಡ ಮಾತ್ರ, "ಆಗ್ಲಿ ಧಣಿ, ಸಂತೆ ದಿವ್ಸ ಬಂದು ತಗಂಡೋಗಿ" ಅಂದ.

ಜಯದೇವಪ್ಪ ಅತ್ತ ಹೋದದ್ದೇ ತಡ, ಕೇಳಿಯೇಬಿಟ್ಟೆ: "ಇವತ್ತು ಹರಿಗೋಲು ಕೊಟ್ರೆ ನಾಳೆ ನೀನು ಅವನ ಆಳು. ಗೊತ್ತಾಯ್ತದಾ?"

"ಹುಟ್ಟು ಹಾಕೋರ್ ಯಾರೇ? ತಮ್ಮ ಎಲ್ಲವ್ನೆ?" ಅಂದ ಕಲ್ಲಪ್ಪ.

ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದ ನನ್ನ ವಾರಗಿತ್ತಿ, ಬೆನಕಪ್ಪನ ಹೆಂಡತಿ ಹುಲಿಗೆಮ್ಮ, ತಲೆ ಎತ್ತದೆ ಹೇಳಿದಳು: "ನಾನು ಹಾಕ್ತೀನಿ ಬಾವ."

ಹೆಂಗಸರು ಬಲೆ ಹೆಣೆಯಬಹುದು, ಮೀನು ಹೊತ್ತು ತರೀಕೆರೆ ಸಂತೆಗೆ ನಡೆಯಬಹುದು. ಬಲೆ ಇಟ್ಟ ಹರಿಗೋಲಿಗೆ ಕಾಲಿಟ್ಟರೆ ಮಾತ್ರ ಗಂಗಮ್ಮ ಮುನಿಯುತ್ತಾಳಂತೆ. ಗಂಗಮ್ಮ ಗಂಡಸೇನು? ಕಲ್ಲಪ್ಪ, "ಕೇರಿಯೋರು ಉಗೀತಾರೆ" ಅಂತ ಎದ್ದು ಹೋದ.

ನಾವಿಬ್ಬರೂ ಹರಿಗೋಲಿನ ಚರ್ಮಕ್ಕೆ ಎಣ್ಣೆ ಬಳಿದು ನೀರಿಗಿಳಿಸಿದೆವು. ಮೊದಲ ದಿನ ಅದು ನಿಂತಲ್ಲೇ ಬುಗುರಿಯ ಹಾಗೆ ಸುತ್ತಿತು. ಗಂಡ ಸತ್ತ ಮೇಲೆ ಹುಲಿಗೆಮ್ಮ ನಕ್ಕದ್ದು ಅವತ್ತೇ. ಸಂತೆಯ ದಿನ ಬರುವಷ್ಟರಲ್ಲಿ ಅದು ನಮ್ಮ ಮಾತು ಕೇಳತೊಡಗಿತ್ತು.

ಅವತ್ತು ಜಯದೇವಪ್ಪ ಆಳುಗಳೊಂದಿಗೆ ದಡಕ್ಕೆ ಬಂದಾಗ ನಾವಿಬ್ಬರೂ ಬೆನಕಪ್ಪನ ಹರಿಗೋಲಿಗೆ ಬಲೆ ಹೇರಿಕೊಂಡು ಮಡುವಿನಲ್ಲಿದ್ದೆವು. ಕೇರಿಗೆ ಕೇರಿಯೇ ನೆರೆದಿತ್ತು. ಕಲ್ಲಪ್ಪ ತನ್ನ ಹರಿಗೋಲಿನ ಪಕ್ಕ ಮೊಣಕಾಲು ನೀರಲ್ಲಿ ತಲೆ ತಗ್ಗಿಸಿ ನಿಂತಿದ್ದ.

"ಏನೋ ಇದು? ಹೆಂಗಸ್ರನ್ನ ದಡಕ್ಕೆ ಕರಿ! ಮಾತು ಕೊಟ್ಟಿದೀಯ!" ಅಂತ ಜಯದೇವಪ್ಪ ಅರಚಿದ.

"ಹರಿಗೋಲು ಹುಲಿಗೆಮ್ಮಂದು. ಅವಳನ್ನ ಕೇಳಿದ್ರಾ ಧಣಿ?" ಅಂತ ನಾನು ಕೂಗಿದೆ.

"ನಾನು ಕೊಡಾಕಿಲ್ಲ" ಅಂದಳು ಹುಲಿಗೆಮ್ಮ. ಬಲೆಯ ಹಗ್ಗ ಬೀಸಿ ಎಸೆದಳು. "ಹಿಡ್ಕಳಿ ಬಾವ!"

ಹಗ್ಗ ಅವನನ್ನು ಮುಟ್ಟದೆ ನೀರಿಗೆ ಬಿತ್ತು. ದಡದಲ್ಲಿ ನಗೆಯೆದ್ದಿತು. ಅವಳು ಹಗ್ಗ ಎಳೆದುಕೊಂಡು ಮತ್ತೆ ಎಸೆದಳು. ಈ ಸಲವೂ ಒಂದು ಮಾರು ಕಡಿಮೆಯಾಯಿತು. ಹರಿಗೋಲು ತಿರುಗದ ಹಾಗೆ ನಾನು ಹುಟ್ಟು ಒತ್ತಿ ಹಿಡಿದೆ.

ಕಲ್ಲಪ್ಪ ಜಯದೇವಪ್ಪನ ಕಡೆ ನೋಡಿದ. ಆಮೇಲೆ ಸೊಂಟದವರೆಗೆ ನೀರಿಗಿಳಿದು ಹಗ್ಗ ಹಿಡಿದ. ತನ್ನ ಹರಿಗೋಲು ಹತ್ತಿ, ತಮ್ಮನನ್ನು ಗದರುತ್ತಿದ್ದ ಅದೇ ದನಿಯಲ್ಲಿ ಗದರಿದ:

"ನೆಟ್ಟಗೆ ಹುಟ್ಟು ಹಾಕ್ರೇ, ಬಲೆ ಸಡಿಲ ಬಿಡಬ್ಯಾಡಿ!"

ಹುಲಿಗೆಮ್ಮ ಅಳುತ್ತಲೇ ಹುಟ್ಟು ಹಾಕಿದಳು.