ಎರಡನೇ ಗದ್ದ

ಎಷ್ಟೋ ವರ್ಷಗಳಿಂದ ನಾನು ವೈದ್ಯಕೀಯ ಪುಸ್ತಕಗಳಿಗೆ ಮೂತ್ರಪಿಂಡದ ಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ. ಬೇಸರವಾದರೆ ಪಿತ್ತಕೋಶ ಬರೆಯಬಹುದು. ಪ್ರಕಾಶಕರು ಅಷ್ಟು ಸ್ವಾತಂತ್ರ್ಯ ಕೊಟ್ಟಿದ್ದಾರೆ. ಚಿತ್ರ ಬರೆಯುವ ಆಸೆ ಯಾವಾಗ ಸತ್ತಿತೋ ಗೊತ್ತಿಲ್ಲ, ಸತ್ತದ್ದಕ್ಕೆ ದುಃಖವಂತೂ ಇತ್ತು. ತಿಂಗಳ ಕೊನೆಗೆ ಕುಂಚ ಕೆಳಗಿಟ್ಟು ಕರಡು ತಿದ್ದುವ ಮೇಜಿಗೆ ಹೋಗುತ್ತೇನೆಂದು ಸಂಪಾದಕರಿಗೆ ಹೇಳಿಬಿಟ್ಟಿದ್ದೆ. ಅವರು ತಡೆಯಲಿಲ್ಲ. ಒಂದು ಮಾತಿಗಾದರೂ ತಡೆಯಬಹುದಿತ್ತು.

ತಡೆದವಳು ನಾದಿನಿ. ಗಂಡನ ಈ ತಂಗಿಯನ್ನು ಮನೆಯವರೆಲ್ಲ ಗಿಣಿ ಎನ್ನುತ್ತೇವೆ. ಯಾಕೆಂದು ಅವಳ ಜೊತೆ ಐದು ನಿಮಿಷ ಕೂತವರಿಗೆ ಹೇಳಬೇಕಾಗಿಲ್ಲ. ಒಂಟಿಯಾಗಿರುತ್ತಾಳೆ. ಹಿಂದೆ ಮೇಣದಬತ್ತಿ ಮಾಡುವುದನ್ನು ಕಲಿಸುತ್ತಿದ್ದಳು, ಈಗ ‘ದಿನಕ್ಕೊಂದು ಪುಟ’ ಎಂಬ ತರಗತಿ. ಒಂದು ಪುಸ್ತಕದಲ್ಲಿ ದಿನವೂ ಮನಸ್ಸಿಗೆ ಬಂದದ್ದನ್ನು ಬರೆಯಬೇಕು, ಬಣ್ಣ ಬಳಿಯಬೇಕು, ರಬ್ಬರ್ ಮಾತ್ರ ಮುಟ್ಟಬಾರದು. ಬತ್ತಿದ ಉತ್ಸಾಹ ತಾನಾಗಿ ಉಕ್ಕುತ್ತದಂತೆ. ಅಲ್ಲಿಯವರೆಗೆ ಯಾರಲ್ಲೂ ಉಕ್ಕಿರಲಿಲ್ಲ. ಶಿಷ್ಯರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿದ್ದರು. ಅತ್ತಿಗೆಯನ್ನು ರಿಪೇರಿ ಮಾಡಿ ತೋರಿಸಿದರೆ ತರಗತಿ ಉಳಿದೀತೆಂದು ಅವಳ ಲೆಕ್ಕ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆಯಂತೆ. ಆ ಹುಲ್ಲುಕಡ್ಡಿ ನಾನು.

ಮೊದಲ ದಿನ ದುಃಖವನ್ನು ಬರೆಯಿರಿ ಎಂದಳು. ಹೃದಯ ಬರೆದೆ. ನಾಲ್ಕು ಕೋಣೆ, ಕವಾಟ, ರಕ್ತನಾಳ, ಎಲ್ಲ ಇದ್ದವು. ಹೃದಯ ಇಷ್ಟು ಸರಿಯಾಗಿರಬಾರದು ಎಂದು ಬೇಜಾರುಪಟ್ಟಳು. ಮರುದಿನ ಸಿಟ್ಟು. ಪಿತ್ತ ನೆತ್ತಿಗೇರುತ್ತದೆ ಎನ್ನುತ್ತಾರಲ್ಲ, ಏರಲು ದಾರಿಯೇ ಇಲ್ಲವೆಂದು ಬರೆದು ತೋರಿಸಿದೆ. ಹಲ್ಲು ಕಚ್ಚಿಕೊಂಡು ಚೆನ್ನಾಗಿದೆ ಎಂದಳು. ಪುಸ್ತಕ ತುಂಬುತ್ತಾ ಬಂತು, ಆಸೆ ಮಾತ್ರ ಇತ್ತ ತಲೆ ಹಾಕಲಿಲ್ಲ. ತಿಂಗಳು ಮುಗಿಯುತ್ತಿತ್ತು, ನನಗೆ ನಿಜವಾಗಿಯೂ ಭಯವಾಗತೊಡಗಿತ್ತು.

ಒಂದು ಮಧ್ಯಾಹ್ನ ತರಗತಿಗೆ ನನ್ನ ಹೊರತು ಯಾರೂ ಬರಲಿಲ್ಲ. ನನ್ನನ್ನು ಸಂತೋಷ ಬರೆಯಲು ಕೂರಿಸಿ, ಉತ್ಸಾಹದ ಗುರು ತಾನೇ ಕುರ್ಚಿಯಲ್ಲಿ ನಿದ್ದೆಹೋದಳು. ಬಾಯಿ ತೆರೆದಿತ್ತು. ತಲೆ ಎದೆಗೆ ವಾಲಿ, ಗದ್ದದ ಕೆಳಗೆ ಇನ್ನೊಂದು ಗದ್ದ ಬಂದು ಕೂತಿತ್ತು. ಸುಳ್ಳು ಯಾಕೆ, ಸೇಡು ತೀರಿಸಿಕೊಳ್ಳಲೆಂದೇ ಪೆನ್ಸಿಲ್ ಎತ್ತಿದೆ. ಎರಡನೇ ಗದ್ದ ಮುಗಿಸಿ ಕಣ್ಣಿನ ಕೆಳಗಿನ ಕಪ್ಪಿಗೆ ಬಂದೆ, ಸವೆದ ತೋಳಿನಂಚಿಗೆ ಬಂದೆ, ನಿದ್ದೆಯಲ್ಲೂ ಬಿಗಿಹಿಡಿದ ಮುಷ್ಟಿಗೆ ಬಂದೆ. ಮುಷ್ಟಿ ಮತ್ತೆ ಮತ್ತೆ ತಪ್ಪಿತು. ಬೆರಳಿನ ಮೂಳೆಗಳೆಲ್ಲ ಬಾಯಿಪಾಠವಿದ್ದವಳಿಗೆ ಈ ಒಂದು ಕೈ ಬರಲಿಲ್ಲ. ಬರುವ ತನಕ ಬಿಡಬಾರದು ಎನ್ನಿಸಿತು. ಹಾಗೆ ಎನ್ನಿಸಿ ಎಷ್ಟು ಕಾಲವಾಗಿತ್ತೋ. ಚಹಾ ಆರಿದ್ದೂ ಗೊತ್ತಾಗಲಿಲ್ಲ, ಅಷ್ಟು ಖುಷಿಯಾಗಿದ್ದೆ.

ಕಣ್ಣು ಬಿಟ್ಟವಳೇ ಪುಸ್ತಕ ಕಸಿದುಕೊಂಡಳು. ಅವಳ ಫಜೀತಿ ನೋಡಬೇಕಿತ್ತು. ತನ್ನ ವಿದ್ಯೆ ಫಲಿಸಿದ್ದಕ್ಕೆ ಜಗತ್ತಿನಲ್ಲಿದ್ದ ಒಂದೇ ಸಾಕ್ಷಿ ಕೈಯಲ್ಲಿತ್ತು, ಅದರಲ್ಲಿ ಜೊಲ್ಲೂ ಇತ್ತು. ಗದ್ದ ಬರುವ ಕಡೆ ಸ್ವಲ್ಪ ಕತ್ತರಿಸಿ ಗೋಡೆಗೆ ಹಾಕಬಹುದೇ ಎಂದು ಕೇಳಿದಳು. ರಬ್ಬರ್ ಮುಟ್ಟಬಾರದೆಂದವಳು ಕತ್ತರಿ ಮುಟ್ಟಬಹುದೇ ಎಂದು ನಾನೂ ಕೇಳಿದೆ. ಇನ್ನೇನು ಜಗಳಕ್ಕೆ ಬರುತ್ತಾಳೆಂದು ಕಾದೆ. ಅವಳು ಆ ಮುಷ್ಟಿಯ ಮೇಲೆ ಬೆರಳಾಡಿಸುತ್ತಿದ್ದಳು.

“ನನ್ನನ್ನ ಇಷ್ಟು ಹೊತ್ತು ಯಾರೂ ನೋಡಿರಲಿಲ್ಲ, ಅತ್ತಿಗೆ,” ಎಂದಳು.

ನನ್ನ ನಾಲಗೆಯ ಮೇಲೆ ಯಾವಾಗಲೂ ಒಂದು ಕೊಂಕು ಮಾತು ತಯಾರಿರುತ್ತದೆ. ಅದನ್ನು ನುಂಗಿಕೊಂಡು, ಪುಸ್ತಕವನ್ನು ಅವಳ ಕೈಯಲ್ಲೇ ಬಿಟ್ಟು ಎದ್ದೆ. ಮನೆಗೆ ಹೋಗಿ ಸಂಪಾದಕರಿಗೆ ಫೋನ್ ಮಾಡಿ, ಕರಡು ತಿದ್ದಲು ಬೇರೆಯವರನ್ನು ನೋಡಿಕೊಳ್ಳಿ ಎಂದೆ.

ಮರುದಿನ ಹೋದಾಗ ಚಿತ್ರ ಜೊಲ್ಲಿನ ಸಮೇತ ಇಡಿಯಾಗಿ ಗೋಡೆ ಮೇಲಿತ್ತು. ಗಿಣಿ ಇಸ್ತ್ರಿ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು, ತುಟಿ ಬಿಗಿದು ನನ್ನೆದುರು ಬಂದು ಕೂತಳು. ಮುಖ ಸೂರಿನ ಕಡೆಗಿತ್ತು.

“ಗದ್ದ ಇಳಿಸು,” ಎಂದೆ.

ನನ್ನನ್ನೇ ದಿಟ್ಟಿಸಿದಳು. ಆಮೇಲೆ ಇಳಿಸಿದಳು.